ಶಾಲೆಯ ಹಣಕ್ಕೆ ಕಾವಲು ಬೇಡವೇ?

ಹೋಟೆಲಿನಲ್ಲಿ ಬಿಲ್ಲು ಬರೆಯುವವನೊಬ್ಬ, ಗಲ್ಲಾದಲ್ಲಿ ಕೂರುವವನೊಬ್ಬ, ಉಗ್ರಾಣ ಕಾಯುವವನೊಬ್ಬ. ರಾತ್ರಿ ಮೂರೂ ಲೆಕ್ಕ ತಾಳೆಯಾಗಬೇಕು. ದೋಸೆಯ ದುಡ್ಡಿಗಿರುವ ಈ ಕಾವಲು ನಮ್ಮ ಮಕ್ಕಳ ಸರ್ಕಾರಿ ಪ್ರೌಢಶಾಲೆಯ ಹಣಕ್ಕೆ ಬೇಡವೇ?

2018ರ ಸಮಗ್ರ ಶಿಕ್ಷಾ ಯೋಜನೆಯ ನಿಯಮದಂತೆ ಸಾವಿರಕ್ಕೆ ಮೀರಿದ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 1 ಲಕ್ಷ ರೂಪಾಯಿ. ಅದರಲ್ಲಿ ಕನಿಷ್ಠ ಶೇಕಡಾ 10 ಶುಚಿತ್ವಕ್ಕೆ. ಕಕ್ಕಸಿನಲ್ಲಿ ನೀರಿಲ್ಲದಿದ್ದರೆ ಆ ಹಣವೆಲ್ಲಿ ಎಂದು ಕೇಳುವುದು ತಪ್ಪೇ? ಬಂದಿದ್ದರೆ ಖರ್ಚನ್ನು ಗೋಡೆಯ ಮೇಲೆ ಬರೆಯಲಿ. 2024ರಲ್ಲಿ ತಮಿಳುನಾಡಿನ ಕಂತನ್ನು ಕೇಂದ್ರ ತಡೆದಂತೆ ತಡೆದಿದ್ದರೆ ಅದನ್ನೂ ಬರೆಯಲಿ.

ಬಂಧುಗಳೇ, 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಸ್ಥಾನವನ್ನು ಪೋಷಕರಿಗೇ ಕೊಟ್ಟಿದೆ. ಖಾಲಿ ವೋಚರಿಗೆ ರುಜು ಹಾಕಿ ಚಹಾ ಕುಡಿದು ಬರಲಿಕ್ಕಲ್ಲ! ಸಾಮಾನು ತರಿಸುವ ಕೈ, ಹಣ ಕೊಡುವ ಕೈ, ಲೆಕ್ಕ ಬರೆಯುವ ಕೈ ಬೇರೆಬೇರೆಯಾಗಲಿ. ಪಾಸ್‌ಬುಕ್ಕು ಸಭೆಗೆ ಬರಲಿ. ಪ್ರಾಮಾಣಿಕ ಮುಖ್ಯೋಪಾಧ್ಯಾಯರಿಗೂ ಇದೇ ರಕ್ಷಣೆ.