ಬಣ್ಣಕ್ಕೆ ಬೆಲೆ ಇದೆ, ನಿಮ್ಮ ಹೊತ್ತಿಗೆ?

‘ಮನೇಲಿ ಸುಮ್ನೆ ಕೂತಿರೋ ಬದಲು ಏನೋ ಒಂದಿಷ್ಟು ಚಿತ್ರ ಬರೀತಾಳೆ.’ ಮೈಸೂರು ಶೈಲಿಯ ಚಿತ್ರ ಕಲಿತು, ನಾಲ್ಕಾರು ಮಾರಿದ ಗೃಹಿಣಿಯ ಬಗ್ಗೆ ಮನೆಯವರು ನೆಂಟರೆದುರು ಆಡುವ ಮಾತು ಸಾಮಾನ್ಯವಾಗಿ ಹೀಗೇ ಇರುತ್ತದೆ. ಅದರಲ್ಲಿ ಕೆಟ್ಟ ಮನಸ್ಸೇನೂ ಇಲ್ಲ. ಆದರೆ ಆ ‘ಸುಮ್ನೆ’ ಅನ್ನೋದು ಮೆಲ್ಲಗೆ ನಿಮ್ಮ ತಲೆಗೂ ಹತ್ತಿ, ಬೆಲೆ ಹೇಳುವ ಹೊತ್ತಿಗೆ ನಾಲಿಗೆಯನ್ನು ಕಟ್ಟಿಹಾಕುತ್ತದೆ.

ಒಂದು ಲೆಕ್ಕ ಹಾಕೋಣ ಬನ್ನಿ. ಒಂದು ಗಜಲಕ್ಷ್ಮಿಯ ಚಿತ್ರಕ್ಕೆ ಬೋರ್ಡು, ಬಣ್ಣ, ಗೆಸ್ಸೋ, ಚಿನ್ನದ ರೇಕು, ಫ್ರೇಮು ಎಲ್ಲ ಸೇರಿ 5,000 ರೂಪಾಯಿ ಆಯಿತು ಅಂದುಕೊಳ್ಳಿ. ಗೆರೆ ಹಾಕಿ, ಗೆಸ್ಸೋ ಎತ್ತಿ, ಒಣಗಿಸಿ, ರೇಕು ಅಂಟಿಸಿ, ಕೊನೆಗೆ ಕಣ್ಣು ಬರೆಯುವಷ್ಟರಲ್ಲಿ 60 ಗಂಟೆ. ಪರಿಚಯದವರು ಅಂತ 7,000ಕ್ಕೆ ಕೊಟ್ಟಿರಿ. ನಿಮಗೆ ಉಳಿದದ್ದು ಗಂಟೆಗೆ ಬರೀ 33 ರೂಪಾಯಿ! ಗಂಟೆಗೆ 150 ಇಟ್ಟರೂ ಚಿತ್ರದ ಬೆಲೆ 14,000 ಆಗಬೇಕು. ಹಾಳಾದ ರೇಕು, ಕೊರಿಯರ್ ಖರ್ಚು ಇದರಲ್ಲಿ ಸೇರಿಲ್ಲ.

ಗ್ಯಾಲರಿಗಳು ಮಾರಿದ ಬೆಲೆಯಲ್ಲಿ ಮೂರರಲ್ಲೊಂದು ಭಾಗ, ಕೆಲವೆಡೆ ಅರ್ಧದವರೆಗೂ ಕಮಿಷನ್ ಕೇಳುವುದುಂಟು. ಅದನ್ನು ಕೇಳಿ ಹೌಹಾರಬೇಡಿ, ಮೊದಲೇ ಬೆಲೆಯೊಳಗೆ ಸೇರಿಸಿಕೊಳ್ಳಿ. ಗ್ಯಾಲರಿಯಲ್ಲಿ ಒಂದು ಬೆಲೆ, ಮನೆಗೆ ಬಂದವರಿಗೆ ಇನ್ನೊಂದು ಮಾಡಿದರೆ ಎರಡೂ ಕಡೆ ಹೆಸರು ಕೆಡುತ್ತದೆ.

ಇನ್ನು ನೆಂಟರು. ‘ನಮ್ಮವ್ರೇ ಅಲ್ವೇನಮ್ಮಾ, ಗೃಹಪ್ರವೇಶಕ್ಕೆ ಒಂದು ಬರ್ಕೊಡು’ ಅಂದಾಗ ಇಲ್ಲ ಅನ್ನೋದು ಕಷ್ಟ. ಉಡುಗೊರೆ ಕೊಡುವುದಾದರೆ ಉಡುಗೊರೆ ಅಂತಲೇ ಸಂತೋಷವಾಗಿ ಕೊಡಿ. ವರ್ಷಕ್ಕೆ ಒಂದೋ ಎರಡೋ ಅಂತ ನೀವೇ ಮಿತಿ ಹಾಕಿಕೊಳ್ಳಿ. ಉಳಿದವರಿಗೆ, ‘ಅರ್ಧ ಅಡ್ವಾನ್ಸ್ ಬಂದ್ಮೇಲೇ ಬೋರ್ಡ್ ತರೋದು ಅತ್ತೆ, ಎಲ್ಲರಿಗೂ ಹಾಗೇ’ ಎಂದುಬಿಡಿ. ಹೊಲಿಗೆಯವಳ ಹತ್ತಿರ, ಕೇಟರಿಂಗ್‌ನವರ ಹತ್ತಿರ ಅಡ್ವಾನ್ಸ್ ಕೊಟ್ಟು ಅಭ್ಯಾಸ ಇರುವವರೇ ಇವರೆಲ್ಲ. ನಿಮಗೂ ಕೊಡುತ್ತಾರೆ.

ಹೆಚ್ಚಿನವರು ಗಮನಿಸದ ವಿಷಯ ಹಕ್ಕುಸ್ವಾಮ್ಯದ್ದು. ನೀವಾಗಿಯೇ ಬರೆದ ಚಿತ್ರವನ್ನು ಮಾರಿದರೆ ಹೋಗುವುದು ಚಿತ್ರ ಮಾತ್ರ. ಅದನ್ನು ಕ್ಯಾಲೆಂಡರಿಗೋ ಲಗ್ನಪತ್ರಿಕೆಗೋ ಅಚ್ಚು ಹಾಕುವ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ. ಬರಹದಲ್ಲಿ ಒಪ್ಪಂದವಾಗದೆ ಅದು ಬೇರೆಯವರಿಗೆ ದಾಟುವುದಿಲ್ಲ. ಆದರೆ 1957ರ ಕಾಯಿದೆಯಲ್ಲಿ ಒಂದು ತಿರುವಿದೆ. ಬೇರೊಬ್ಬರು ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರವಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ ಮೊದಲ ಹಕ್ಕು ಬರೆಸಿದವರದ್ದೇ! ಹಾಗಾಗಿ ಆರ್ಡರ್ ತೆಗೆದುಕೊಳ್ಳುವಾಗಲೇ ‘ಹಕ್ಕುಸ್ವಾಮ್ಯ ಕಲಾವಿದೆಯದ್ದು’ ಎಂಬ ಒಂದು ಸಾಲು ಬರೆದು ಇಬ್ಬರೂ ಸಹಿ ಹಾಕಿ. ಹಕ್ಕು ಬರೆದುಕೊಡುವುದೇ ಆದರೆ ಎಷ್ಟು ವರ್ಷಕ್ಕೆ ಅಂತ ನಮೂದಿಸಿ. ನಮೂದಿಸದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದು ಲೆಕ್ಕ ಹಿಡಿಯುತ್ತದೆ. ಹಕ್ಕು ಯಾರದ್ದೇ ಆಗಲಿ, ಚಿತ್ರ ಬರೆದವಳು ನಾನು ಎಂದು ಹೇಳಿಕೊಳ್ಳುವ ಅಧಿಕಾರವನ್ನು ಮಾತ್ರ ಯಾರೂ ಕಿತ್ತುಕೊಳ್ಳುವಂತಿಲ್ಲ.

ಕಲಾವಿದರಿಗೆ ವ್ಯಾಪಾರ ಒಗ್ಗುವುದಿಲ್ಲ ಅನ್ನುವವರು ರಾಜಾ ರವಿವರ್ಮನ ಉದಾಹರಣೆ ಕೊಡುತ್ತಾರೆ. 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಶುರುಮಾಡಿ, ಸಾಲದ ಹೊರೆ ತಾಳದೆ ಕೊನೆಗೆ ಅದನ್ನು ಮಾರಿದ್ದು ನಿಜ. ಆದರೆ ಆತನ ಲಕ್ಷ್ಮಿ, ಸರಸ್ವತಿ ನಮ್ಮ ದೇವರಮನೆಗಳಿಗೆ ಬಂದದ್ದು ಆ ಅಚ್ಚಿನಿಂದಲೇ ಅಲ್ಲವೇ? 14,000 ಕೊಡಲಾಗದವರೂ ಒಳ್ಳೆಯ ಪ್ರಿಂಟಿಗೆ 800 ಕೊಟ್ಟಾರು. ಬೆಂಗಳೂರಿನ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆಗೆ ಹೋಗುವುದಿದ್ದರೆ ದೊಡ್ಡ ಚಿತ್ರಗಳ ಜತೆ ಇಂಥ ಸಣ್ಣವನ್ನೂ ಇಟ್ಟುಕೊಳ್ಳಿ.

ಅಂಗಡಿ, ಹೋಟೆಲುಗಳಿಗೆ ಕೊಡುವವರು ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಸರ್ಕಾರಿ ತಾಣದಲ್ಲಿ ಇದಕ್ಕೆ ಒಂದು ಪೈಸೆಯೂ ಇಲ್ಲ, ನಡುವೆ ಯಾರಾದರೂ ಫೀಸು ಕೇಳಿದರೆ ಕೊಡಬೇಡಿ. ನೋಂದಾಯಿತ ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ತೆರಬೇಕು ಎನ್ನುತ್ತದೆ 2006ರ ಕಾಯಿದೆ. ‘ಮುಂದಿನ ತಿಂಗಳು ನೋಡೋಣ ಮೇಡಂ’ ಎನ್ನುವವರಿಗೆ ಬಿಲ್ಲಿನ ಕೆಳಗೆ ಇದನ್ನೇ ಅಚ್ಚು ಹಾಕಿಸಿ ಕಳಿಸಬಹುದು.

ಆ ಹಣ ಯಾರ ಖಾತೆಗೆ ಹೋಗುತ್ತದೆ? ಯಜಮಾನರ ಖಾತೆಗೆ ಬಿದ್ದ ಹಣ ಕರೆಂಟ್ ಬಿಲ್ಲು, ಶಾಲೆ ಫೀಸಿನಲ್ಲಿ ಕರಗಿಹೋಗುತ್ತದೆ. ವರ್ಷದ ಕೊನೆಗೆ ನೀವೆಷ್ಟು ದುಡಿದಿರಿ ಅಂತ ನಿಮಗೇ ಗೊತ್ತಿರುವುದಿಲ್ಲ. ನಿಮ್ಮ ಹೆಸರಿನಲ್ಲೇ ಒಂದು ಖಾತೆ ತೆರೆಯಿರಿ. ಮನೆಗೆ ಕೊಡಬೇಕಾದ್ದನ್ನು ಅಲ್ಲಿಂದ ನೀವೇ ತೆಗೆದು ಕೊಡಿ. ಬಣ್ಣದ ಡಬ್ಬಿಯ ಪಕ್ಕ ಒಂದು ನೋಟ್‌ಬುಕ್ ಇಟ್ಟು, ಕುಂಚ ಹಿಡಿದಾಗ ಒಂದು ಸಲ, ಕೆಳಗಿಟ್ಟಾಗ ಒಂದು ಸಲ ಗಂಟೆ ಬರೆಯುತ್ತಾ ಬನ್ನಿ.