ಕೊರಿಯಾದ ಒಣಮೀನಿಗೆ ಟೇಬಲ್ಲು, ನಮ್ಮೂರ ಒಣಮೀನಿಗೆ ಗೇಟು

ಹೋದ ತಿಂಗಳು ನಾವು ಐದು ಜನ ಬೆಂಗಳೂರಿನ ಕಮ್ಮನಹಳ್ಳಿ ಕಡೆ ಒಂದು ಕೊರಿಯನ್ ಹೋಟೆಲ್ಲಿಗೆ ಊಟಕ್ಕೆ ಹೋಗಿದ್ದೆವು. ಫೋಟೊ ಹಾಕಿದ್ದೇ ತಪ್ಪಾಯ್ತು. ಸಂಜೆ ಹೊತ್ತಿಗೆ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಂಗಳಾರತಿ ಶುರು. "ಹಳ್ಳಿ ಸುದ್ದಿ ಬರೀತೀವಿ ಅಂತೀರಿ, ಅಲ್ಲಿ ಹೋಗಿ ಹುಳಿ ಬಂದ ಕೋಸಿಗೆ ನಾನೂರು ರೂಪಾಯಿ ಕೊಡ್ತೀರಿ" ಅಂತ ಒಬ್ಬರು. "ಮುದ್ದೆ ರೊಟ್ಟಿ ಬಿಟ್ಟು ಕಡ್ಡಿ ಹಿಡ್ಕೊಂಡ್ರು" ಅಂತ ಇನ್ನೊಬ್ಬರು.

ಮೊದಲು ಲೆಕ್ಕ ಸರಿ ಮಾಡೋಣ. ಆ ಕೋಸಿಗೆ ನಾನೂರು ರೂಪಾಯಿ ಅಲ್ಲ, ಒಂದು ರೂಪಾಯಿಯೂ ಇಲ್ಲ. ಕೊರಿಯನ್ನರ ಊಟದಲ್ಲಿ ಕಿಮ್ಚಿ, ಮೊಳಕೆ ಕಾಳಿನ ಪಲ್ಯ, ಮೂಲಂಗಿ, ಸೊಪ್ಪು ಇಂಥವನ್ನೆಲ್ಲ ಚಿಕ್ಕ ಚಿಕ್ಕ ಬಟ್ಟಲಲ್ಲಿ ಮೊದಲೇ ತಂದಿಡುತ್ತಾರೆ. ಅದಕ್ಕೆ ಬಾನ್‌ಚಾನ್ ಅನ್ನುತ್ತಾರೆ. ಖಾಲಿಯಾದರೆ ಮತ್ತೆ ಹಾಕುತ್ತಾರೆ, ಬಿಲ್ಲಿನಲ್ಲಿ ಸೇರಿಸುವುದಿಲ್ಲ. ನಮ್ಮ ಜೊತೆ ಬಂದಿದ್ದ ಹಾವೇರಿ ಕಡೆಯ ಅವ್ವನಿಗೆ ಇದು ಆಶ್ಚರ್ಯವೇ ಆಗಲಿಲ್ಲ. "ಖಾನಾವಳಿ ಇದ್ದಂಗ ಐತಿ ಬಿಡು" ಅಂದಳು.

ಇಷ್ಟವಾದದ್ದನ್ನು ತಿನ್ನುವುದಕ್ಕೆ ಯಾರ ಅಪ್ಪಣೆಯೂ ಬೇಡ. ಫೋನಿನಲ್ಲಿ ಕೊರಿಯನ್ ಧಾರಾವಾಹಿ ನೋಡುವ ಹಳ್ಳಿ ಹುಡುಗಿಯರನ್ನು "ಹುಚ್ಚು ಹಿಡಿದಿದೆ" ಅಂತ ಬೈಯುವ ಅಣ್ಣಂದಿರು ಗೋಬಿ ಮಂಚೂರಿ ಯಾವ ತಾಲ್ಲೂಕಿನದು ಅಂತ ಒಮ್ಮೆ ಯೋಚಿಸಲಿ. ಮೆಣಸಿನಕಾಯಿ ನಮಗೂ ಹೊರಗಿನಿಂದ ಬಂದದ್ದೇ, ಕೊರಿಯಾಕ್ಕೂ ಹೊರಗಿನಿಂದ ಬಂದದ್ದೇ. ಅಮೆರಿಕ ಖಂಡದ ಗಿಡ ಅದು. ಈ ಜಗಳ ಇಲ್ಲಿಗೆ ಸಾಕು.

ನಮ್ಮ ನಿಜವಾದ ಜಗಳ ಪಟ್ಟಣದವರ ಜೊತೆ. ಅದರಲ್ಲಿ ಅರ್ಧ ನಮ್ಮ ಮೇಲೇ.

ಊಟದ ಕತೆ ಹೇಳಿ ಅದಕ್ಕೆ ಬರುತ್ತೇವೆ. ನಮ್ಮಲ್ಲಿ ಒಬ್ಬಳು ಹಾವೇರಿ ಕಡೆಯವಳು, ಒಬ್ಬಳು ಕುಂದಾಪುರದ ಕಡೆಯವಳು, ಒಬ್ಬ ಮಂಡ್ಯದವನು. ಹಾವೇರಿಯವಳ ಅವ್ವ ಮತ್ತು ತಂಗಿ ಆಸ್ಪತ್ರೆ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದರು. ಪಿಯುಸಿ ಓದುವ ತಂಗಿಗೆ ಕೊರಿಯಾ ಅಂದರೆ ಪ್ರಾಣ. ಸರಿ, ಅವಳ ಆಸೆಯೂ ತೀರಲಿ ಅಂತ ಹೊರಟೆವು.

ಅವ್ವನಿಗೆ ಒಂದು ಬಟ್ಟಲು ಬಿಬಿಂಬಾಪ್ ಹೇಳಿದೆವು. ಅನ್ನದ ಮೇಲೆ ನಾಲ್ಕೈದು ಥರ ತರಕಾರಿ, ಒಂದು ಮೊಟ್ಟೆ, ಕೆಂಪಗಿನ ಖಾರದ ಮುದ್ದೆ. ಎಲ್ಲ ಕಲಸಿ ಉಣ್ಣಬೇಕು. ಆ ಖಾರಕ್ಕೆ ಗೋಚುಜಾಂಗ್ ಅಂತ ಹೆಸರು. ಮೆಣಸಿನಪುಡಿ, ಅಂಟು ಅಕ್ಕಿ, ಹುದುಗಿಸಿದ ಸೋಯಾ ಕಾಳು, ಉಪ್ಪು ಸೇರಿಸಿ ಮಣ್ಣಿನ ಗಡಿಗೆಯಲ್ಲಿ ತಿಂಗಳುಗಟ್ಟಲೆ ಇಟ್ಟು ಮಾಡುತ್ತಾರೆ. ಅವ್ವ ಬೆರಳಲ್ಲಿ ಒಂದಿಷ್ಟು ನೆಕ್ಕಿ ನೋಡಿದಳು. "ಇದು ನಮ್ಮ ರಂಜಕ ಇದ್ದಂಗ ಐತಲ್ಲವಾ. ಬೆಲ್ಲ ಯಾಕ ಹಾಕ್ಯಾರ ಇದಕ್ಕ?"

ರಂಜಕ ಗೊತ್ತಿಲ್ಲದ ದಕ್ಷಿಣದ ಓದುಗರಿಗೆ: ಕೆಂಪು ಹಣ್ಣು ಮೆಣಸಿನಕಾಯಿಯನ್ನು ಉಪ್ಪು, ಬೆಳ್ಳುಳ್ಳಿ, ನಿಂಬೆರಸ ಹಾಕಿ ರುಬ್ಬಿ ಇಟ್ಟುಕೊಳ್ಳುವ ಖಾರ. ರೊಟ್ಟಿಗೆ ಹಚ್ಚಿ ಮೇಲೆ ಎಣ್ಣೆಯೋ ತುಪ್ಪವೋ ಹಾಕಿಕೊಂಡರೆ ಬೇರೆ ಪಲ್ಯ ಬೇಕಾಗಿಲ್ಲ. ಕೊರಿಯಾದ ಮೆಣಸಿನಪುಡಿಗೂ ನಮ್ಮ ಬ್ಯಾಡಗಿಗೂ ಸ್ವಭಾವ ಒಂದೇ, ಬಣ್ಣ ಜಾಸ್ತಿ, ಉರಿ ಕಡಿಮೆ. ಬ್ಯಾಡಗಿ ಮೆಣಸಿನಕಾಯಿ ಆರಿಸಿ ಚೀಲ ತುಂಬಿ ಬೆಳೆದ ಅವ್ವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತಂಗಿ ಒಂದು ತಕರಾರು ತೆಗೆದಳು. "ಅವ್ವಾ, ನೀನು ಮೊದಲು ಚಮಚ ಎತ್ತಬೇಕು. ದೊಡ್ಡವರು ಶುರು ಮಾಡೋತನಕ ಉಳಿದವರು ಉಣ್ಣಂಗಿಲ್ಲ, ಅವರ ಪದ್ಧತಿ ಹಂಗೈತಿ." ಅದು ನಿಜ, ಕೊರಿಯಾದ ಊಟದ ರೀತಿಯೇ ಹಾಗೆ. ಅವ್ವ ನಮ್ಮ ಮುಖ ನೋಡಿದಳು. ಮನೆಯಲ್ಲಿ ಗಂಡಸರದ್ದು, ಮಕ್ಕಳದ್ದು, ಬಂದವರದ್ದು ಎಲ್ಲಾ ಆಗಿ, ಬುಟ್ಟಿಯ ತಳದಲ್ಲಿ ಉಳಿದ ರೊಟ್ಟಿ ತಿನ್ನುವವಳು ಅವಳು. ನಾಲ್ಕು ಜನ ಕೈ ಕಟ್ಟಿಕೊಂಡು ಅವಳಿಗಾಗಿ ಕಾಯುವುದು ಅವಳಿಗೆ ನಾಚಿಕೆಯ ವಿಷಯವಾಯ್ತು. "ತಿನ್ರೋ, ಆರಿ ಹೊಕ್ಕೈತಿ" ಅಂತ ಬೈದಳು. ತಂಗಿ ಬಿಡಲಿಲ್ಲ. ಕೊನೆಗೆ ಅವ್ವ ಒಂದು ಚಮಚ ತಿಂದಳು, ಆಮೇಲೆ ನಾವು. (ಕೊರಿಯಾದಲ್ಲಿ ಹೆಂಗಸರಿಗೆ ಸ್ವರ್ಗ ಅಂತ ತಿಳಿಯಬೇಡಿ. ಹಬ್ಬ ಬಂತೆಂದರೆ ಅಡುಗೆಮನೆಯಲ್ಲಿ ಬೆನ್ನು ಮುರಿಯುವ ಸೊಸೆಯಂದಿರ ಗೋಳು ಅಲ್ಲೂ ದೊಡ್ಡದೇ.)

ಇಷ್ಟರಲ್ಲಿ ಕುಂದಾಪುರದವಳು ಸುಮ್ಮನಾಗಿದ್ದಳು. ಮುಂದೆ ಬಿಸಿ ಸಾರಿನ ಬಟ್ಟಲು. ಏನಾಯ್ತೇ ಅಂದರೆ, "ಇದು ನಮ್ಮನೆ ವಾಸನೆ" ಅಂದಳು.

ಹೌದು. ಕೊರಿಯನ್ನರ ಬಹಳಷ್ಟು ಸಾರಿಗೆ ತಳಪಾಯ ಒಣಮೀನು. ಸಣ್ಣ ಸಣ್ಣ ಒಣಮೀನನ್ನು ನೀರಿನಲ್ಲಿ ಕುದಿಸಿ, ಸೋಸಿ, ಆ ನೀರಿನಲ್ಲಿ ಸಾರು ಮಾಡುತ್ತಾರೆ. ಕಿಮ್ಚಿಗೂ ಉಪ್ಪು ಹಾಕಿ ಕೊಳೆಸಿದ ಸೀಗಡಿ, ಮೀನಿನ ರಸ ಬೀಳುತ್ತದೆ. ಪಕ್ಕದ ಟೇಬಲ್ಲಿನಲ್ಲಿ ಒಬ್ಬರು ಅದೇ ಸಾರು ಹೀರಿ ಕಣ್ಣು ಮುಚ್ಚಿಕೊಂಡು "ಉಮಾಮಿ" ಅನ್ನುತ್ತಿದ್ದರು. ಜಪಾನಿ ಮಾತು. ನಮ್ಮ ಭಾಷೆಯಲ್ಲಿ ಹೇಳಿದರೆ ರುಚಿ ಅಂತಲೇ.

ಈಗ ಎರಡು ವರ್ಷದ ಹಿಂದಿನ ಮಾತು. ಇದೇ ಹುಡುಗಿ ಬೆಂಗಳೂರಿನ ಒಂದು ಪಿಜಿಯಲ್ಲಿದ್ದಳು. ಹೆಸರು ಬೇಡ, ಇಂಥ ಪಿಜಿಗಳು ಪ್ರತಿ ರಸ್ತೆಯಲ್ಲೂ ಇವೆ. ಅವಳ ಅಮ್ಮ ರಾತ್ರಿ ಬಸ್ಸಿನಲ್ಲಿ ಒಣ ಸೀಗಡಿ ಚಟ್ನಿ ಕಳಿಸಿದ್ದರು. ಸೀಗಡಿ ಹುರಿದು, ತೆಂಗಿನಕಾಯಿ, ಒಣಮೆಣಸು, ಹುಣಸೆ ಹಾಕಿ ಮಾಡಿದ್ದು, ನಾಲ್ಕು ದಿನ ಗಂಜಿಗೆ ಸಾಕಾಗುವಷ್ಟು. ಡಬ್ಬಿ ಮುಚ್ಚಳ ತೆಗೆದ ಹತ್ತು ನಿಮಿಷಕ್ಕೆ ರೂಮಿನವರು ಮೂಗು ಮುಚ್ಚಿಕೊಂಡು ಹೊರಗೆ ಹೋದರು. ಒಬ್ಬಳು ಮಾಲೀಕರಿಗೆ ಫೋನ್ ಮಾಡಿದಳು. ಮಾಲೀಕರು ಬಂದು ಡಬ್ಬಿಯನ್ನು ಗೇಟಿನ ಹೊರಗೆ ಇಡಿಸಿದರು, ಇನ್ನೊಮ್ಮೆ ತಂದರೆ ರೂಮು ಖಾಲಿ ಮಾಡು ಅಂದರು. ಡಬ್ಬಿ ಬೆಳಿಗ್ಗೆ ಹೊತ್ತಿಗೆ ಬೀದಿನಾಯಿ ಪಾಲಾಗಿತ್ತು.

ಅವಳು ಆ ರಾತ್ರಿ ಮನೆಗೆ ಫೋನ್ ಮಾಡಿ "ಅಮ್ಮಾ, ಇನ್ನು ಕಳಿಸಬೇಡ, ಇಲ್ಲೇ ಎಲ್ಲಾ ಸಿಗ್ತದೆ" ಅಂದಳು.

ಫೋನ್ ಮಾಡಿ ದೂರು ಕೊಟ್ಟ ಆ ಗೆಳತಿ ಸಸ್ಯಾಹಾರಿಯಲ್ಲ. ಆಗಿದ್ದರೆ ಈ ಕತೆಯನ್ನು ನಾವು ಬೇರೆ ಥರ ಹೇಳುತ್ತಿದ್ದೆವು. ಮಾಂಸ ಮುಟ್ಟದವರಿಗೆ ಆ ವಾಸನೆ ಕಷ್ಟ ಅನ್ನುವುದು ನಮಗೂ ಅರ್ಥವಾಗುತ್ತದೆ, ಕಿಟಕಿ ತೆಗೆದು ಕೂತು ತಿನ್ನಲು ನಮಗೇನೂ ತೊಂದರೆಯಿಲ್ಲ. ಆದರೆ ಆ ಗೆಳತಿ ತಿಂಗಳಿಗೊಮ್ಮೆ ಕೊರಿಯನ್ ಹೋಟೆಲ್ಲಿನಿಂದ ಫೋಟೊ ಹಾಕುತ್ತಾಳೆ. ಒಣಮೀನಿನ ಸಾರಿನ ಬಟ್ಟಲು, ಸೀಗಡಿ ರಸದ ಕಿಮ್ಚಿ, ಕೆಳಗೆ ಹೃದಯದ ಚಿಹ್ನೆ. ಅವಳ ಮೂಗಿಗೆ ಒಣಮೀನಿನಿಂದ ತೊಂದರೆ ಇಲ್ಲ ಅಂತಾಯ್ತು. ಸ್ಟೀಲ್ ಡಬ್ಬಿಯಿಂದ, ಅದನ್ನು ಕಳಿಸಿದ ಊರಿನಿಂದ ತೊಂದರೆ.

ಹಂದಿಮಾಂಸದ ವಿಷಯವನ್ನೂ ಹೇಳಿಬಿಡುತ್ತೇವೆ, ಯಾಕೆಂದರೆ ಇದನ್ನು ಓದುವ ನಮ್ಮ ಹಳ್ಳಿಗಳಲ್ಲೇ ಆ ಮಾತಿಗೆ ಎಂಥ ವಿಷ ಇದೆ ಅಂತ ಎಲ್ಲರಿಗೂ ಗೊತ್ತು. "ಹಂದಿ ತಿನ್ನೋರು" ಅನ್ನುವುದು ನಮ್ಮಲ್ಲಿ ಊಟದ ವಿವರ ಅಲ್ಲ, ಬೈಗುಳ. ಆ ಒಂದು ಕಾರಣ ಹೇಳಿ ನೀರು ಮುಟ್ಟದ, ಮನೆಯೊಳಗೆ ಬಿಡದ ಊರುಗಳು ಈಗಲೂ ಇವೆ. ಅಂಥ ಊರಿನಿಂದ ಬಂದ ಹುಡುಗರೇ ಇಲ್ಲಿ ಸಮ್‌ಗ್ಯೊಪ್ಸಾಲ್ ಅಂತ ನಾಲಿಗೆ ಹೊರಳಿಸಿ ಆರ್ಡರ್ ಮಾಡುತ್ತಾರೆ. ಅದು ಹಂದಿಯ ಹೊಟ್ಟೆಭಾಗದ ಕೊಬ್ಬಿನ ಮಾಂಸ. ಟೇಬಲ್ಲಿನ ಮೇಲೆ ಒಲೆ ಇಟ್ಟು ತಾವೇ ಸುಟ್ಟು, ಕತ್ತರಿಯಲ್ಲಿ ಕತ್ತರಿಸಿ, ಎಲೆಯಲ್ಲಿ ಸುತ್ತಿ ಬಾಯಿಗಿಟ್ಟುಕೊಳ್ಳುತ್ತಾರೆ. ತಿನ್ನಲಿ, ಚೆನ್ನಾಗಿಯೇ ಇರುತ್ತದೆ, ನಾವೂ ತಿಂದೆವು. ಹಬ್ಬಕ್ಕೆ ಊರಿಗೆ ಹೋದಾಗ ಕೊನೆಯ ಕೇರಿಯ ಗೆಳೆಯನ ಮನೆಯಲ್ಲಿ ಒಂದು ತುತ್ತು ತಿಂದು ಬನ್ನಿ, ಅದರದ್ದೂ ಒಂದು ಫೋಟೊ ಹಾಕಿ ಅಂತಷ್ಟೇ ಕೇಳುತ್ತೇವೆ. ಹಾಕುತ್ತೀರಾ?

2024ರ ಡಿಸೆಂಬರ್ ನೆನಪಿಸಿಕೊಳ್ಳಿ. ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ. ಮಳಿಗೆಗಳಿಗೆ ಹೊರಡಿಸಿದ ಸೂಚನೆಯಲ್ಲಿ ಮದ್ಯ, ತಂಬಾಕಿನ ಸಾಲಿಗೆ ಮಾಂಸಾಹಾರವನ್ನೂ ಸೇರಿಸಿ ನಿಷೇಧ ಅಂತ ಬರೆದಿತ್ತು. ಬಾಡೂಟದ ಸೀಮೆಯಲ್ಲೇ! ಜನ ಸುಮ್ಮನಿರಲಿಲ್ಲ, ಸಮ್ಮೇಳನದಲ್ಲಿ ಬಾಡೂಟ ಹಾಕಿ ಅಂತ ಬೀದಿಗಿಳಿದರು. ನಮ್ಮ ಮಂಡ್ಯದ ಗೆಳೆಯನಿಗೆ ಆಗ ಬೆಂಗಳೂರಿನ ಒಬ್ಬರು "ಸಾಹಿತ್ಯದ ಜಾಗದಲ್ಲಿ ಊಟದ ಜಗಳ ಯಾಕಪ್ಪಾ" ಅಂತ ಬುದ್ಧಿ ಹೇಳಿದ್ದರು. ಆ ಸೂಚನೆ ಬರೆದವರು ಊಟವನ್ನು ಬೀಡಿ-ಬ್ರಾಂದಿ ಪಕ್ಕ ಕೂರಿಸಿದಾಗ ಜಗಳ ಶುರುವಾಗಿತ್ತು ಸ್ವಾಮಿ, ನಾವು ಶುರು ಮಾಡಿದ್ದಲ್ಲ.

ಕೊರಿಯನ್ನರಿಗೆ ಇದೆಲ್ಲ ಸುಲಭವಾಗಿ ಬಂದದ್ದಲ್ಲ ಅನ್ನುವುದೂ ಗೊತ್ತಿರಲಿ. ಅವರ ಹಳ್ಳಿಗಳಲ್ಲಿ 'ಬಾರ್ಲಿ ದಿಣ್ಣೆ' ಅನ್ನುವ ಮಾತಿತ್ತು. ಚಳಿಗಾಲದ ಅಕ್ಕಿ ಮುಗಿದು, ಬಾರ್ಲಿ ಇನ್ನೂ ಬಲಿಯದ ವಸಂತದ ಹಸಿವಿನ ತಿಂಗಳುಗಳ ಹೆಸರು ಅದು. ಬಾರ್ಲಿ ಅಂದರೆ ಜವೆಗೋಧಿ, ಅವರ ಬಡವರ ಕಾಳು. 1960-70ರ ದಶಕದಲ್ಲಿ ಅಕ್ಕಿ ಸಾಲದೆ ಸರ್ಕಾರವೇ ಅನ್ನಕ್ಕೆ ಬಾರ್ಲಿ ಬೆರೆಸಿ ಅಂತ ಹಟ ಹಿಡಿದು, ಶಾಲೆಗಳಲ್ಲಿ ಮೇಷ್ಟ್ರು ಮಕ್ಕಳ ಬುತ್ತಿ ತೆಗೆಸಿ ನೋಡುತ್ತಿದ್ದರು. ಅದೇ ಬಾರ್ಲಿ ಅನ್ನ ಈಗ ಆರೋಗ್ಯದ ಊಟ. ಹುರಿದ ಬಾರ್ಲಿ ಕುದಿಸಿದ ನೀರನ್ನು ನಮಗೂ ಆ ದಿನ ಕುಡಿಯಲು ಕೊಟ್ಟರು. ರಾಗಿ ಕತೆ ಬೇರೆ ಏನಲ್ಲ. ಹಳ್ಳಿಯವರು ತಿನ್ನುವಾಗ ಬಡವರ ಹಿಟ್ಟು, ಪಟ್ಟಣಕ್ಕೆ ಸಕ್ಕರೆ ಕಾಯಿಲೆ ಬಂದ ಮೇಲೆ ಮಿಲೆಟ್ಟು.

ಕಿಮ್ಚಿ ವಾಸನೆಗೆ ಹೊರದೇಶಗಳಲ್ಲಿ ಅವರೂ ಹೇಸಿಕೆಯ ಮಾತು ಕೇಳಿದವರೇ, ಡಬ್ಬಿ ಬಚ್ಚಿಟ್ಟುಕೊಂಡವರೇ. ಆದರೆ ಕಿಮ್ಚಿ ಬಿಡಲಿಲ್ಲ. ವಾಸನೆ ಬೇರೆ ಪದಾರ್ಥಕ್ಕೆ ಹತ್ತುತ್ತದೆ ಅಂದಾಗ ಕಿಮ್ಚಿಗೇ ಅಂತ ಬೇರೆ ಫ್ರಿಜ್ ಮಾಡಿಕೊಂಡರು. 1990ರ ದಶಕದಿಂದ ಅಲ್ಲಿನ ಮನೆಮನೆಗೆ ಎರಡನೇ ಫ್ರಿಜ್ ಬಂತು. 2013ರಲ್ಲಿ ಚಳಿಗಾಲಕ್ಕೆ ಮುಂಚೆ ನೆರೆಹೊರೆಯವರೆಲ್ಲ ಸೇರಿ ಕಿಮ್ಚಿ ಮಾಡಿ ಹಂಚಿಕೊಳ್ಳುವ ಪದ್ಧತಿಯನ್ನು ಯುನೆಸ್ಕೊ ಪರಂಪರೆ ಅಂತ ಒಪ್ಪಿಕೊಂಡಿತು. ನಮ್ಮಲ್ಲಿ ಬೇಸಿಗೆಯಲ್ಲಿ ಅಕ್ಕಪಕ್ಕದ ಹೆಂಗಸರು ಸೇರಿ ಶಾವಿಗೆ ಹೊಸೆದು, ಹಪ್ಪಳ ಲಟ್ಟಿಸಿ, ಮಾಳಿಗೆ ಮೇಲೆ ಒಣಗಿಸಿ ಹಂಚಿಕೊಳ್ಳುವುದಿಲ್ಲವೆ, ಹಾಗೆಯೇ.

ಹಣ, ಅಧಿಕಾರ ಎರಡೂ ಕೆಲಸ ಮಾಡಿವೆ, ಅದನ್ನು ಮುಚ್ಚಿಡುವುದಿಲ್ಲ. ಕಾರು, ಫೋನು, ಸಿನಿಮಾ ಜೊತೆಗೇ ಅವರ ಊಟವೂ ಜಗತ್ತಿಗೆ ಹೋಯ್ತು, 2009ರ ಹೊತ್ತಿಗೆ ಅವರ ಸರ್ಕಾರ ಊಟವನ್ನು ಹೊರದೇಶಕ್ಕೆ ಮುಟ್ಟಿಸಲೆಂದೇ ದುಡ್ಡು ಸುರಿಯಿತು. ನಮ್ಮ ಅವ್ವಂದಿರ ಹಿಂದೆ ಯಾವ ಕಂಪನಿಯೂ ಇಲ್ಲ. ಹಾಗಾಗಿ ಅವರ ರಂಜಕಕ್ಕೆ ಹೋಟೆಲ್ಲಿನಲ್ಲಿ ಬಟ್ಟಲಿಲ್ಲ, ಅವರ ಸೀಗಡಿಗೆ ಪಿಜಿಯಲ್ಲಿ ಜಾಗವಿಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ಪಿಜಿ ನಡೆಸುವವರೇ, ನಿಮಗೆ ಬಾಡಿಗೆ ಕೊಡುವವರಲ್ಲಿ ಹಳ್ಳಿಯಿಂದ ಬಂದ ಮಕ್ಕಳೂ ಇದ್ದಾರೆ. ಅಡುಗೆಮನೆಯಲ್ಲಿ ಒಂದು ಮೂಲೆ, ಬಾಗಿಲು ಮುಚ್ಚುವ ಒಂದು ಸಣ್ಣ ಕಪಾಟು ಕೊಡಿ. ಆಫೀಸಿನ ಊಟದ ಕೋಣೆಗಳಲ್ಲಿ "ವಾಸನೆ ಬರುವ ಪದಾರ್ಥ ಬಿಸಿ ಮಾಡಬೇಡಿ" ಅಂತ ಚೀಟಿ ಅಂಟಿಸುವವರು ಯಾವ ಪದಾರ್ಥ ಅಂತ ಹೆಸರು ಬರೆದು ಸಹಿ ಹಾಕಿ, ಆಗ ಮಾತಾಡೋಣ. ಹಳ್ಳಿಯಿಂದ ಬಂದ ನಾವುಗಳೂ ಬುತ್ತಿ ಕಟ್ಟಿಕೊಡುವ ಕೈಯನ್ನು ತಡೆಯುವುದು ನಿಲ್ಲಿಸಬೇಕು. ಹಾವೇರಿಯವಳು ನಾಲ್ಕು ವರ್ಷ ರಂಜಕದ ಬಾಟಲಿ ಬೇಡ ಅಂದಳು. ಮಂಡ್ಯದವನು ಆಫೀಸಿಗೆ ಉಪ್ಸಾರು ಖಾರ ಒಯ್ದಿದ್ದೇ ಇಲ್ಲ. ಯಾರೂ ನಮ್ಮ ಬಾಯಿ ಕಟ್ಟಿರಲಿಲ್ಲ, ಮೊದಲೇ ನಾವೇ ಕಟ್ಟಿಕೊಂಡಿದ್ದೆವು.

ಆ ದಿನ ಬಿಲ್ಲು ಹೆಚ್ಚುಕಡಿಮೆ ನಾಲ್ಕು ಸಾವಿರ ಆಯ್ತು. ಮೂರು ಪಾಲು ಮಾಡಿಕೊಂಡೆವು. ಎಷ್ಟಾಯ್ತು ಅಂತ ಅವ್ವ ಕೇಳಿದ್ದಕ್ಕೆ ಎಂಟುನೂರು ಅಂದೆವು. ಅದೂ ಜಾಸ್ತಿ ಅಂತ ಬಸ್ ಸ್ಟ್ಯಾಂಡಿನ ತನಕ ಬೈದಳು. ತಂಗಿ ಮಾತ್ರ ಕೊರಿಯನ್ನರು ಎದುರು ಸಿಕ್ಕರೆ ಹೇಗಿದ್ದೀರಿ ಅನ್ನುವ ಬದಲು ಅನ್ನ ಉಂಡ್ರಾ ಅಂತಲೇ ಕೇಳುತ್ತಾರೆ ಅಂತ ಅವ್ವನಿಗೆ ಹೇಳಿಕೊಡುತ್ತಿದ್ದಳು. "ಮತ್ತ ಇನ್ನೇನು ಕೇಳಬೇಕು?" ಅಂದಳು ಅವ್ವ.

ಮುಂದಿನ ತಿಂಗಳು ಕುಂದಾಪುರದ ಅಮ್ಮ ಬರುತ್ತಾರೆ. ಒಣ ಸೀಗಡಿ ತರಲಾ ಅಂತ ಫೋನಿನಲ್ಲಿ ಹೆದರಿ ಹೆದರಿ ಕೇಳಿದರಂತೆ. ಎರಡು ಡಬ್ಬಿ ತನ್ನಿ ಅಂತ ಹೇಳಿದ್ದೇವೆ.