ಟೈರ್ ಮೇಲಿನ ನಾಲ್ಕು ಅಂಕಿ

ಕಳೆದ ಮಳೆಗಾಲದ ಒಂದು ಸಂಜೆ. ಸಣ್ಣಗೆ ತುಂತುರು ಹನಿಯುತ್ತಿತ್ತು. ತಾತನ ಹಳೆಯ ಜಾವಾ ಬೈಕ್‌ನಲ್ಲಿ ನಾನೂ ನನ್ನ ಗೆಳೆಯನೂ ಮನೆಗೆ ಹೊರಟಿದ್ದೆವು. ಇಬ್ಬರೂ ಹೆಲ್ಮೆಟ್ ಹಾಕಿದ್ದೆವು, ವೇಗವೂ ನಲವತ್ತು ದಾಟಿರಲಿಲ್ಲ. ತಿರುವಿನಲ್ಲಿ ನಾಯಿಯೊಂದು ಅಡ್ಡ ಬಂತು, ಬ್ರೇಕ್ ಒತ್ತಿದೆ. ಹಿಂದಿನ ಚಕ್ರ ಪಾಚಿಯ ಮೇಲೆ ಕಾಲಿಟ್ಟಂತೆ ಜಾರಿತು. ನನಗೆ ಮೊಣಕೈ ತರಚಿತು, ಅಷ್ಟೆ. ಹಿಂದೆ ಕೂತಿದ್ದ ಗೆಳೆಯನ ಭುಜದ ಮೂಳೆ ಮುರಿಯಿತು. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಗೆಂದು ಅವನು ಒಂದು ವರ್ಷದಿಂದ ಬೆಳಗಿನ ಐದು ಗಂಟೆಗೆ ಎದ್ದು ಓಡುತ್ತಿದ್ದ. ಆ ಸಲದ ಪರೀಕ್ಷೆ ಅವನ ಕೈತಪ್ಪಿತು.

ಎಲ್ಲರೂ ಮಳೆಯನ್ನು ದೂರಿದರು, ನಾಯಿಯನ್ನು ದೂರಿದರು. ನಮ್ಮ ಮೆಕ್ಯಾನಿಕ್ ಅಣ್ಣ ಮಾತ್ರ ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹಿಂದಿನ ಟೈರನ್ನು ಬೆರಳಿನಿಂದ ಸವರಿ, 'ಇದನ್ನ ಎಲ್ಲಿ ತಗೊಂಡೆ?' ಎಂದು ಕೇಳಿದರು. ಹೊಸದಾಗಿ ಕಾಣುತ್ತಿದ್ದ ಆ ಟೈರ್ ನಿಜಕ್ಕೂ ಸವೆದು ಬೋಳಾಗಿದ್ದ ಹಳೆಯ ಟೈರ್. ಅದರ ಮೇಲೆ ಬ್ಲೇಡಿನಿಂದ ಮತ್ತೆ ಗೆರೆ ಕೊರೆದು, ಕಪ್ಪು ಪಾಲಿಶ್ ಬಳಿದು ಮಾರಿದ್ದರು. ಕೊಂಡವನು ನಾನು. ಹೊಸದರ ಅರ್ಧ ಬೆಲೆಗೆ ಸಿಕ್ಕಿತೆಂದು ಖುಷಿಪಟ್ಟವನೂ ನಾನೇ. ಆ ದಿನದಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ಒಂದು ಬೈಕ್‌ಗೆ ಸರಿಯಾದ ಟೈರ್, ಸರಿಯಾದ ಬಿಡಿಭಾಗ ಸಿಗುವುದು ಇಷ್ಟೊಂದು ಕಷ್ಟವೇಕೆ?

ಮೈಸೂರಿನವರಿಗೆ ಜಾವಾ ಕತೆ ಹೊಸದಲ್ಲ. ಚೆಕೊಸ್ಲೊವಾಕಿಯಾದ ತಾಂತ್ರಿಕ ನೆರವಿನೊಂದಿಗೆ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ನಮ್ಮೂರಿನಲ್ಲಿ ಉತ್ಪಾದನೆ ಶುರುಮಾಡಿತು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಗೇರ್ ಹಾಕುವ ಲಿವರನ್ನೇ ತಿರುಗಿಸಿ ಕಿಕ್ ಹೊಡೆಯುವ ಆ ಗಾಡಿಯ ಸದ್ದು ನಮ್ಮ ಬೀದಿಗಳ ಸದ್ದೇ ಆಗಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಾರ್ಖಾನೆ ಮುಚ್ಚಿದ ದಿನವೇ ಗಾಡಿಗಳು ನಿಲ್ಲುವುದಿಲ್ಲವಲ್ಲ! ಅವು ಇವತ್ತಿಗೂ ಓಡುತ್ತಿವೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಆಚರಿಸಲು ಅವೆಲ್ಲ ಸಾಲುಗಟ್ಟಿ ಬೀದಿಗಿಳಿಯುತ್ತವೆ. ಆ ಸಾಲನ್ನು ನೋಡಿಯೇ ನಾನು ತಾತನ ಗಾಡಿಯ ಮೇಲಿನ ಧೂಳು ಕೊಡವಿದ್ದು.

ಧೂಳು ಕೊಡವುವುದು ಸುಲಭ. ಆಮೇಲೆ ಶುರುವಾಯಿತು ಹುಡುಕಾಟ. ಮೊದಲ ಅಂಗಡಿಯವರು ನನ್ನ ಚೀಟಿ ನೋಡಿ ನಕ್ಕು, 'ಇದಕ್ಕೆಲ್ಲಾ ಈಗ ಎಲ್ಲಿ ಬರುತ್ತೆ ತಮ್ಮಾ, ಕಂಪನಿನೇ ಮುಚ್ಚೋಯ್ತಲ್ಲ' ಎಂದರು. ಎರಡನೆಯವರು ಬೇರೆ ಯಾವುದೋ ಗಾಡಿಯ ಭಾಗ ತೋರಿಸಿ, 'ಸ್ವಲ್ಪ ಉಜ್ಜಿದ್ರೆ ಕೂರುತ್ತೆ' ಎಂದರು. ಕೆಲವು ವರ್ಷಗಳ ಹಿಂದೆ ಜಾವಾ ಹೆಸರಿನ ಹೊಸ ಬೈಕ್‌ಗಳು ಮಾರುಕಟ್ಟೆಗೆ ಬಂದಾಗ ಹಳೆಯ ಗಾಡಿಗೂ ಭಾಗ ಸಿಗಬಹುದೆಂದು ಆಸೆಪಟ್ಟಿದ್ದೆ. ಆದರೆ ಹಳೆಯದು ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್, ಹೊಸದು ಫೋರ್ ಸ್ಟ್ರೋಕ್. ಹೆಸರೊಂದೇ, ಎಂಜಿನ್ನೇ ಬೇರೆ.

ಕೊನೆಗೆ ಗಾಡಿ ನಿಂತದ್ದು ಸಣ್ಣ ಕೈಗಳ ಮೇಲೆ. ಸವೆದ ಸಿಲಿಂಡರನ್ನು ಲೇತ್‌ನವರು ಬೋರ್ ಮಾಡಿಕೊಟ್ಟರು. ಹೀಗೆ ಬೋರ್ ಮಾಡಿದಾಗ ಮೊದಲಿಗಿಂತ 0.25 ಅಥವಾ 0.50 ಮಿ.ಮೀ. ದೊಡ್ಡದಾದ ಪಿಸ್ಟನ್ ಮತ್ತು ರಿಂಗ್ ಹಾಕಬೇಕು. ಅದಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ದಿನವಿಡೀ ಅಂಗಡಿಯಿಂದ ಅಂಗಡಿಗೆ ಅಲೆದೆ. ಬ್ರೇಕ್ ಶೂ ಹೊಸದು ಸಿಗಲಿಲ್ಲ. ಹಳೆಯ ಶೂಗೇ ಹೊಸ ಲೈನರ್ ಅಂಟಿಸಿಕೊಟ್ಟರು. ಕ್ಲಚ್ ಕೇಬಲ್ಲನ್ನು ಅಳತೆ ಕೊಟ್ಟು ಮಾಡಿಸಿದ್ದಾಯಿತು. ಈ ಕೆಲಸ ಬಲ್ಲವರಲ್ಲಿ ಹೆಚ್ಚಿನವರು ಅರವತ್ತರ ಆಸುಪಾಸಿನವರು. ಅವರ ಪಕ್ಕದಲ್ಲಿ ನಿಂತು ಕಲಿಯುವ ಹುಡುಗರು ನನಗೆ ಕಾಣಲಿಲ್ಲ.

ಇಷ್ಟೆಲ್ಲ ಮಾಡಿದವನು ಟೈರ್ ವಿಷಯದಲ್ಲಿ ಎಡವಿದೆ. ತಾತನ ಜಾವಾದ್ದು 16 ಇಂಚಿನ ಚಕ್ರ, ಅದಕ್ಕೆ 3.25-16 ಅಳತೆಯ ಟೈರ್ ಬೇಕು. ಇವತ್ತು ರಸ್ತೆಯಲ್ಲಿರುವ ಬೈಕ್‌ಗಳಲ್ಲಿ ಹೆಚ್ಚಿನವು 17 ಅಥವಾ 18 ಇಂಚಿನವು, ಸ್ಕೂಟರ್‌ಗಳು 10 ಅಥವಾ 12 ಇಂಚಿನವು. ನಡುವಿನ ನಮ್ಮ ಅಳತೆಯನ್ನು ಅಂಗಡಿಯವರು ತರಿಸಿ ಇಟ್ಟುಕೊಳ್ಳುವುದಿಲ್ಲ. ಆರ್ಡರ್ ಕೊಟ್ಟು ಕಾಯಬೇಕು. ನನಗೆ ಕಾಯುವ ತಾಳ್ಮೆ ಇರಲಿಲ್ಲ. ಹಬ್ಬದೊಳಗೆ ಗಾಡಿ ಓಡಿಸಬೇಕೆಂಬ ಹಟ. ಯಾರೋ ಹೇಳಿದ ಅಂಗಡಿಗೆ ಹೋದೆ. 'ಸೆಕೆಂಡ್ ಇದೆ, ಹೊಸದರ ಹಾಗೇ ಇದೆ' ಎಂದರು. ಬಿಲ್ ಕೇಳಲಿಲ್ಲ, ಅವರೂ ಕೊಡಲಿಲ್ಲ.

ಮೆಕ್ಯಾನಿಕ್ ಅಣ್ಣ ಆಮೇಲೆ ನನಗೆ ಟೈರ್ ಓದುವುದನ್ನು ಕಲಿಸಿದರು. ಅಕ್ಷರ ಬಲ್ಲ ಯಾರಾದರೂ ಹತ್ತು ನಿಮಿಷದಲ್ಲಿ ಕಲಿಯಬಹುದಾದ ವಿದ್ಯೆ ಅದು. ಟೈರ್‌ನ ಪಕ್ಕದಲ್ಲಿ 2.75-18 42P ಎಂದು ಬರೆದಿದೆ ಅಂದುಕೊಳ್ಳಿ. 2.75 ಅಂದರೆ ಟೈರ್‌ನ ಅಗಲ, ಇಂಚುಗಳಲ್ಲಿ. 18 ಅಂದರೆ ಅದು ಕೂರುವ ರಿಮ್‌ನ ಅಳತೆ. 42 ಅಂದರೆ ಆ ಟೈರ್ 150 ಕಿಲೋ ಭಾರ ಹೊರಬಲ್ಲದು ಎಂಬ ಸಂಕೇತ. P ಅಂದರೆ ಗಂಟೆಗೆ 150 ಕಿ.ಮೀ. ವೇಗದವರೆಗೆ ತಾಳಬಲ್ಲದು ಎಂದು. ಹೊಸ ಗಾಡಿಗಳಲ್ಲಿ ಇದೇ ಸಂಗತಿ 80/100-18 ಎಂಬ ರೂಪದಲ್ಲಿರುತ್ತದೆ. ಇದರಲ್ಲಿ 80 ಅಂದರೆ ಮಿಲಿಮೀಟರ್ ಲೆಕ್ಕದ ಅಗಲ, 100 ಅಂದರೆ ಆ ಅಗಲಕ್ಕೆ ಟೈರ್‌ನ ಎತ್ತರ ಶೇಕಡಾ ಎಷ್ಟು ಎಂಬುದು. ಹಿಂದೆ ಒಬ್ಬರನ್ನು, ಮಧ್ಯೆ ಒಂದು ಮೂಟೆಯನ್ನು ಕೂರಿಸಿಕೊಂಡು ಹೋಗುವ ನಮ್ಮಂಥವರು ನೋಡಲೇಬೇಕಾದದ್ದು ಭಾರದ ಅಂಕಿ. ನಾವು ನೋಡುವುದು ಟೈರ್‌ನ ಡಿಸೈನ್ ಮಾತ್ರ.

ಇನ್ನೊಂದು ಕಡೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ, 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟೈರ್ ಎಂದರ್ಥ. ರಬ್ಬರಿಗೂ ವಯಸ್ಸಾಗುತ್ತದೆ. ಓಡಿಸದೆ ಗೋಡೆಗೆ ಒರಗಿಸಿಟ್ಟರೂ ಅದು ಗಡುಸಾಗುತ್ತದೆ, ಸಣ್ಣ ಬಿರುಕು ಬಿಡುತ್ತದೆ, ಒದ್ದೆ ರಸ್ತೆಯನ್ನು ಹಿಡಿಯುವ ಗುಣ ಕಳೆದುಕೊಳ್ಳುತ್ತದೆ. ಬೇಡಿಕೆ ಕಡಿಮೆ ಇರುವ ಅಳತೆಗಳಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ಅವು ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಕೂತಿರುತ್ತವೆ. ನನ್ನ ಟೈರ್‌ನಲ್ಲಿ ಆ ನಾಲ್ಕು ಅಂಕಿಗಳಿದ್ದ ಜಾಗವನ್ನು ಉಜ್ಜಿ ಹಾಕಿದ್ದರು. ಅಂಕಿ ಕಾಣದಿದ್ದಾಗಲೇ ನಾನು ಅನುಮಾನಪಡಬೇಕಿತ್ತು. ಆದರೆ ಅಲ್ಲೊಂದು ಅಂಕಿ ಇರಬೇಕು ಎಂಬುದೇ ನನಗೆ ಗೊತ್ತಿರಲಿಲ್ಲ.

ಟೈರ್ ಪಕ್ಕದಲ್ಲಿ TWI ಎಂಬ ಮೂರು ಅಕ್ಷರ ಅಥವಾ ಒಂದು ಸಣ್ಣ ತ್ರಿಕೋನದ ಗುರುತು ಇರುತ್ತದೆ. ಅದರ ನೇರಕ್ಕೆ ಗೆರೆಗಳ ಒಳಗೆ ನೋಡಿದರೆ ಚಿಕ್ಕ ಉಬ್ಬು ಕಾಣುತ್ತದೆ. ಮೇಲಿನ ರಬ್ಬರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂತೆಂದರೆ ಟೈರ್‌ನ ಆಯಸ್ಸು ಮುಗಿಯಿತು. ಗೆರೆಗಳು ಇರುವುದು ಅಂದಕ್ಕಲ್ಲ, ಚಕ್ರದ ಅಡಿಯ ನೀರನ್ನು ಆಚೆ ತಳ್ಳುವುದಕ್ಕೆ. ಬೋಳು ಟೈರ್ ಮೇಲೆ ಗೆರೆ ಕೊರೆದರೆ ರಬ್ಬರ್ ಇನ್ನಷ್ಟು ತೆಳುವಾಗುತ್ತದೆ, ಒಳಗಿನ ದಾರದ ಪದರ ಹೊರಗೆ ಇಣುಕುತ್ತದೆ. ಇಷ್ಟು ತಿಳಿದಿದ್ದರೆ ನನ್ನ ಗೆಳೆಯ ಅವತ್ತು ಬೀಳುತ್ತಿರಲಿಲ್ಲವೇನೋ.

ಇದು ಹಳೆ ಬೈಕ್ ಹುಚ್ಚಿನವರ ಸಮಸ್ಯೆ ಮಾತ್ರ ಎಂದು ದಯವಿಟ್ಟು ಭಾವಿಸಬೇಡಿ. ಜಾವಾ ನನಗೆ ಪ್ರೀತಿ. ಅದು ಓಡದಿದ್ದರೆ ನಾನು ಬಸ್ ಹತ್ತುತ್ತೇನೆ. ಆದರೆ ಹದಿನೈದು ವರ್ಷ ಹಳೆಯ ಗಾಡಿಯಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೋಗುವ ರೈತನಿಗೆ, ಸೊಪ್ಪು ಮಾರುವವರಿಗೆ, ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡು ಊಟ ತಲುಪಿಸುವ ನನ್ನ ವಯಸ್ಸಿನ ಹುಡುಗರಿಗೆ ಗಾಡಿಯೇ ಅನ್ನ. ಹೆಚ್ಚು ಮಾರಾಟವಾದ ಗಾಡಿಯಾದರೆ ಹೋಬಳಿಯ ಅಂಗಡಿಯಲ್ಲೂ ಅದರ ಭಾಗ ಸಿಗುತ್ತದೆ. ಕಡಿಮೆ ಮಾರಾಟವಾಗಿ ಬೇಗ ನಿಂತುಹೋದ ಮಾಡೆಲ್ ಆದರೆ ಒಂದು ಸಣ್ಣ ಗೇರ್‌ಗಾಗಿ ಗಾಡಿ ತಿಂಗಳುಗಟ್ಟಲೆ ಮೂಲೆ ಸೇರುತ್ತದೆ. ಮಾಲೀಕ ಕಾಯಲಾರ. ಕೈಗೆ ಸಿಕ್ಕ ಡೂಪ್ಲಿಕೇಟ್ ಹಾಕಿಸುತ್ತಾನೆ. ಬ್ರೇಕ್ ಲೈನರ್, ಚೈನ್, ಬೇರಿಂಗ್ ಇಂಥವುಗಳಲ್ಲಿ ಡೂಪ್ಲಿಕೇಟ್ ಅಂದರೆ ಉಳಿಯುವುದು ಇನ್ನೂರು ರೂಪಾಯಿ, ಹೋಗುವುದು ಜೀವ.

ಇದರ ಇನ್ನೊಂದು ಮುಖವೂ ಇದೆ. ಭಾಗಗಳು ನೇರ ದಾರಿಯಲ್ಲಿ ಸಿಗದಿದ್ದಾಗ ಅಡ್ಡದಾರಿ ತೆರೆದುಕೊಳ್ಳುತ್ತದೆ. ಕದ್ದ ಗಾಡಿಯನ್ನು ಇಡಿಯಾಗಿ ಮಾರುವುದಕ್ಕಿಂತ ಬಿಚ್ಚಿ ಮಾರುವುದು ಕಳ್ಳರಿಗೆ ಸಲೀಸು. ಎಂಜಿನ್ ಮತ್ತು ಚಾಸಿಯ ಮೇಲೆ ನಂಬರ್ ಇರುತ್ತದೆ, ಟ್ಯಾಂಕು, ಚಕ್ರ, ಕಾರ್ಬುರೇಟರ್‌ಗೆ ಯಾವ ನಂಬರೂ ಇಲ್ಲ. ಬಿಲ್ ಇಲ್ಲದೆ ಗುಜರಿಯಿಂದ ಅಗ್ಗಕ್ಕೆ ತಂದ ಭಾಗ ಯಾರ ಮನೆಯ ಮುಂದಿನಿಂದ ಬಂದದ್ದೋ ಬಲ್ಲವರಾರು? ಹಳೆಯ ಟೂ ಸ್ಟ್ರೋಕ್ ಗಾಡಿಗಳ ಮೋಹ ನಮ್ಮ ಯುವಕರಲ್ಲಿ ಜೋರಾಗಿರುವ ಈ ದಿನಗಳಲ್ಲಿ ಈ ಮಾತನ್ನು ನಮಗೆ ನಾವೇ ಹೇಳಿಕೊಳ್ಳಬೇಕು.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ತಯಾರಕರ ಹೊಣೆ. ಶೋರೂಂನಲ್ಲಿ ಮೈಲೇಜ್ ಹೇಳುತ್ತಾರೆ, ಸಾಲದ ಕಂತು ಹೇಳುತ್ತಾರೆ. ಈ ಮಾಡೆಲ್ ನಿಂತ ಮೇಲೆ ಎಷ್ಟು ವರ್ಷ ಬಿಡಿಭಾಗ ಕೊಡುತ್ತೀರಿ ಎಂದು ಕೇಳಿದರೆ ಉತ್ತರವಿಲ್ಲ. ಆ ಅವಧಿಯನ್ನು ಬಿಲ್‌ನಲ್ಲೇ ಮುದ್ರಿಸುವುದು ಕಡ್ಡಾಯವಾಗಲಿ. ಅವಧಿ ಮುಗಿದ ಮೇಲೆ ಆ ಭಾಗಗಳ ನಕ್ಷೆ, ಅಳತೆಗಳನ್ನು ಸಣ್ಣ ಕೈಗಾರಿಕೆಗಳಿಗೆ ಬಿಟ್ಟುಕೊಡಲಿ.

ಎರಡನೆಯದು ಸರ್ಕಾರದ್ದು. ಖಾಸಗಿ ಬೈಕ್‌ಗೆ 15 ವರ್ಷ ತುಂಬಿದರೆ ಆರ್‌ಟಿಒ ಮುಂದೆ ನಿಲ್ಲಿಸಿ ನೋಂದಣಿ ನವೀಕರಿಸಬೇಕು, ಆಮೇಲೆ 5 ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ಗಾಡಿ ಸುಸ್ಥಿತಿಯಲ್ಲಿರಬೇಕು ಎನ್ನುವುದು ನ್ಯಾಯವೇ. ಆದರೆ ಸುಸ್ಥಿತಿಯಲ್ಲಿಡಲು ಬೇಕಾದ ಭಾಗ ಸಿಗುವಂತೆ ನೋಡಿಕೊಳ್ಳುವುದೂ ಅದೇ ನ್ಯಾಯದ ಇನ್ನೊಂದು ಅರ್ಧ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ಆರಂಭಿಸಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆಗೆ ವಾಹನಗಳನ್ನೂ ಅದರಲ್ಲಿ ಸೇರಿಸಿದೆ. ಒಳ್ಳೆಯ ಹೆಜ್ಜೆ. ಆದರೆ ಪೋರ್ಟಲ್ ಕೊಡುವುದು ಮಾಹಿತಿಯನ್ನು, ಬಿಡಿಭಾಗವನ್ನಲ್ಲ. ಅದಕ್ಕೆ ಕಾಯ್ದೆಯ ಬಲ ಬರಬೇಕು. ಗೆರೆ ಕೊರೆದು ಟೈರ್ ಮಾರುವ ಅಂಗಡಿಗಳ ಮೇಲೆ ದಾಳಿ ನಡೆಯುವುದು ಅಪಘಾತವಾದ ಮೇಲಲ್ಲ, ಮುಂಚೆ.

ಮೂರನೆಯದು ನಮ್ಮದು. ಟೈರ್ ಕೊಳ್ಳುವಾಗ ಐಎಸ್‌ಐ ಗುರುತು, ಅಳತೆ, ಭಾರದ ಅಂಕಿ, ತಯಾರಾದ ವಾರ ನೋಡೋಣ. ಬಿಲ್ ಕೇಳಿ ಪಡೆಯೋಣ. ಬಿಲ್ ಇದ್ದರೆ ತಾನೇ ಮೋಸವಾದಾಗ 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಲು ಸಾಧ್ಯ? ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಳ್ಳುವ ಮುನ್ನ ಚಕ್ರದ ಕಡೆ ಒಮ್ಮೆ ಬಗ್ಗಿ ನೋಡೋಣ.

ಐಟಿಐ, ಡಿಪ್ಲೊಮಾ ಓದುತ್ತಿರುವ ಗೆಳೆಯರಿಗೆ ಒಂದು ಮಾತು. ನಿಂತುಹೋದ ಗಾಡಿಗಳ ಭಾಗವನ್ನು ಅಳತೆ ಹಿಡಿದು ಮಾಡಿಕೊಡುವ ಕೆಲಸಕ್ಕೆ ಜನ ಹುಡುಕಿಕೊಂಡು ಬರುತ್ತಾರೆ. ಒಂದು ಪಿಸ್ಟನ್‌ಗಾಗಿ ಮೈಸೂರಿನಿಂದ ಬೆಂಗಳೂರಿಗೆ ನಾನೇ ಹೋಗಿದ್ದೇನೆ. ಆ ಕಸುಬು ಅರವತ್ತು ದಾಟಿದವರ ಜೊತೆಗೇ ಮುಗಿದುಹೋಗಬಾರದು. ಕೆಲಸವಿಲ್ಲ ಎನ್ನುವ ನಮ್ಮೂರಿನಲ್ಲಿ ಲೇತ್ ಮುಂದೆ ನಿಲ್ಲುವವರೂ ಇಲ್ಲವೆಂದರೆ ತಪ್ಪು ಎಲ್ಲೋ ನಮ್ಮ ಕಡೆಯೂ ಇದೆ.

ನಾನು ಮೂರು ವಾರ ಕಾದು ಸರಿಯಾದ ಅಳತೆಯ ಹೊಸ ಟೈರ್ ತರಿಸಿದೆ, ಬಿಲ್ ಸಮೇತ. ಬೆಲೆ ಜಾಸ್ತಿಯೇ ಆಯಿತು. ಮುರಿದ ಮೂಳೆಗೆ ಗೆಳೆಯನ ಮನೆಯವರು ಖರ್ಚು ಮಾಡಿದ್ದರ ಮುಂದೆ ಅದು ಏನೂ ಅಲ್ಲ. ಅವನು ಈಗ ಮತ್ತೆ ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತಿದ್ದಾನೆ. ಮುಂದಿನ ಪರೀಕ್ಷೆಗೆ ಮೈದಾನದವರೆಗೆ ಜಾವಾದಲ್ಲೇ ಬಿಡುತ್ತೇನೆ ಎಂದೆ. 'ಬರ್ತೀನಿ, ಆದ್ರೆ ಟೈರ್ ನಂಬರ್ ನಾನೇ ನೋಡ್ತೀನಿ ಕಣೋ' ಎಂದ. ಅವನು ಹೇಳಿದ್ದು ಸರಿ.